ಅಲೆಗೆ ಮುಂಚಿನ ಮಾತು

2011ನೆಯ ಇಸವಿಯ ಮಾರ್ಚ್ 7ರಂದು ಟೋಕಿಯೋ ವಿದ್ಯುತ್ ಕಂಪನಿಯ ಅಧಿಕಾರಿಗಳು ಜಪಾನ್ ಸರ್ಕಾರದ ಪರಮಾಣು ಸುರಕ್ಷತಾ ಸಂಸ್ಥೆಯವರನ್ನು ಕಂಡು, ಫುಕುಶಿಮಾ ದಾಯಿಚಿ ಸ್ಥಾವರವಿರುವ ಕಡಲತಡಿಗೆ 15 ಮೀಟರನ್ನೂ ಮೀರಿದ ಸುನಾಮಿ ಬರುವ ಸಂಭವವುಂಟೆಂದು ತೋರಿಸುವ ಒಂದು ಲೆಕ್ಕವನ್ನು ಅವರ ಮುಂದಿರಿಸಿದರು. ಆ ಲೆಕ್ಕ ಅಂದು ಹುಟ್ಟಿದುದಾಗಿರಲಿಲ್ಲ. ಮೂರು ವರ್ಷಗಳ ಹಿಂದೆಯೇ, 2008ರಲ್ಲಿ, ಕಂಪನಿಯ ತಂತ್ರಜ್ಞರು ಅದನ್ನು ಮಾಡಿ ಮುಗಿಸಿ 15.7 ಮೀಟರ್ ಎಂಬ ಅಂಕಿಯನ್ನು ತಮ್ಮ ಮೇಲಿನವರಿಗೆ ಒಪ್ಪಿಸಿದ್ದರು. ಮೇಲಿನವರು ಅದನ್ನು ತಪ್ಪೆಂದು ತಳ್ಳಿಹಾಕದೆ, ಸರಿಯೆಂದು ಕೈಗೊಳ್ಳದೆ, ಇನ್ನಷ್ಟು ಪರಿಶೀಲನೆ ನಡೆಯಲೆಂದು ಸಿವಿಲ್ ಎಂಜಿನಿಯರುಗಳ ಸಂಘಕ್ಕೆ ಒಪ್ಪಿಸಿ ಸುಮ್ಮನಾಗಿದ್ದರು. ಸ್ಥಾವರದ ನೆರೆಯ ಊರುಗಳಾದ ಒಕುಮಾ ಮತ್ತು ಫುತಾಬಾಗಳ ಒಕ್ಕಲುಗಳಿಗಾಗಲಿ, ಅಲ್ಲಿನ ಮೀನುಗಾರರಿಗಾಗಲಿ, ಬೆಳಗ್ಗೆ ಎದ್ದು ಪತ್ರಿಕೆಯನ್ನೋದುವ ಸಾಮಾನ್ಯ ನಾಗರಿಕನಿಗಾಗಲಿ ಆ ಅಂಕಿ ತಿಳಿದಿರಲಿಲ್ಲ. ಮಾರ್ಚ್ 7ರ ಭೇಟಿಯಾದ ಮೇಲೆ ನಾಲ್ಕು ದಿನಗಳು ಕಳೆದುವು. ಮಾರ್ಚ್ 11ರ ಮಧ್ಯಾಹ್ನ ಅಲೆ ಬಂದಿತು.

ಪ್ರಕೃತಿಪ್ರಕೋಪಗಳ ಬೆನ್ನಿಗೆ ಪರಮಾಣು ರಿಯಾಕ್ಟರುಗಳ ಸುರಕ್ಷತೆಯನ್ನು ಕುರಿತು ಲೋಕದಲ್ಲಿ ಎದ್ದಿರುವ ವಾದವಿವಾದಗಳು ಅಪಾರ. ಅವುಗಳಲ್ಲಿ ಒಂದು ಪಕ್ಷದವರು ಸ್ಥಾವರಗಳೆಲ್ಲ ಸುರಕ್ಷಿತವೆಂದೂ, ಮತ್ತೊಂದು ಪಕ್ಷದವರು ಅವೆಲ್ಲ ಮೃತ್ಯುಮುಖಗಳೆಂದೂ ಪ್ರತಿಪಾದಿಸುತ್ತ, ವರ್ಷಗಳು ಕಳೆದಂತೆ ತಮ್ಮ ತಮ್ಮ ನಿಲುವುಗಳಲ್ಲಿ ಹೆಚ್ಚು ಹೆಚ್ಚು ದೃಢವಾಗುತ್ತ ಬಂದಿದ್ದಾರೆ. ಈ ಎರಡು ನಿಲುವುಗಳ ನಡುವೆ ತೀರ್ಪುಕೊಡುವುದು ಈ ಲೇಖನದ ಉದ್ದೇಶವಲ್ಲ. ಮುಚ್ಚಿದ ಬಾಗಿಲ ಹಿಂದೆ ಮೂರು ವರ್ಷ ಕುಳಿತಿದ್ದ ಆ 15.7 ಎಂಬ ಅಂಕಿ ಬೀದಿಗೆ ಬಂದಿದ್ದರೆ, ಊರಿನ ಸಭೆಯಲ್ಲಿ ಯಾರಾದರೊಬ್ಬರು ಎದ್ದುನಿಂತು ಅದರ ವಿಷಯವಾಗಿ ಪ್ರಶ್ನೆ ಕೇಳುವಂತಾಗಿದ್ದರೆ, ಏನಾಗುತ್ತಿತ್ತು ಎಂಬುದೇ ನನ್ನ ಮನಸ್ಸನ್ನು ಬಹುಕಾಲದಿಂದ ಕಾಡುತ್ತಿರುವ ಪ್ರಶ್ನೆ. ಬಹಿರಂಗ ಚರ್ಚೆಯೆಂಬುದು ಸ್ಥಾವರದ ಗೋಡೆ, ಪಂಪು, ಜನರೇಟರುಗಳಂತೆಯೇ ಸುರಕ್ಷತೆಯ ಒಂದು ಅಂಗವೆಂಬುದೂ, ಆ ಅಂಗವು ಅವಘಡಕ್ಕೆ ಮುಂಚೆ ಕೆಲಸಮಾಡದಿದ್ದರೆ ಅನಂತರ ಎಷ್ಟೇ ಗಟ್ಟಿಯಾಗಿ ಕೂಗಿದರೂ ಪ್ರಯೋಜನ ಸ್ವಲ್ಪವೆಂಬುದೂ ಫುಕುಶಿಮಾದ ಇತಿಹಾಸದಿಂದ ನಾನು ಕಂಡುಕೊಂಡ ಸಂಗತಿ.

ಅಂದು ನಡೆದುದೇನೆಂಬುದನ್ನು ಸ್ವಲ್ಪ ವಿವರವಾಗಿ ನೆನೆಯುವುದು ಅಗತ್ಯ; ಏಕೆಂದರೆ ರಿಯಾಕ್ಟರಿನ ಅಪಾಯವೆಂದರೆ ಬಾಂಬಿನಂತಹ ಸ್ಫೋಟವೆಂಬ ತಪ್ಪುಕಲ್ಪನೆ ಇಂದಿಗೂ ಅನೇಕರಲ್ಲಿದೆ. ಮಧ್ಯಾಹ್ನ 2 ಗಂಟೆ 46 ನಿಮಿಷಕ್ಕೆ ಭೂಮಿ ನಡುಗಿತು. ಕಂಪನದ ಪ್ರಮಾಣ 9.0. ದಾಯಿಚಿಯ ಆರು ರಿಯಾಕ್ಟರುಗಳಲ್ಲಿ ಅಂದು ನಡೆಯುತ್ತಿದ್ದವು ಮೂರು. ಆ ಮೂರರಲ್ಲಿಯೂ ನಿಯಂತ್ರಣ ದಂಡಗಳು ತಾವಾಗಿಯೇ ಒಳಸೇರಿ ವಿದಳನಕ್ರಿಯೆ ನಿಂತುಹೋಯಿತು. ಇಲ್ಲಿಯವರೆಗೆ ಯಂತ್ರ ತನ್ನ ಕರ್ತವ್ಯವನ್ನು ಲೋಪವಿಲ್ಲದೆ ನೆರವೇರಿಸಿತೆನ್ನಬೇಕು. ಆದರೆ ವಿದಳನ ನಿಂತ ಮಾತ್ರಕ್ಕೆ ರಿಯಾಕ್ಟರು ತಣಿಯುವುದಿಲ್ಲ. ಇಂಧನ ಸರಳುಗಳೊಳಗೆ ಶೇಖರವಾಗಿರುವ ವಿಕಿರಣಶೀಲ ದ್ರವ್ಯಗಳು ಕ್ಷಯಿಸುತ್ತ ಉಷ್ಣವನ್ನು ಸೂಸುತ್ತಲೇ ಇರುತ್ತವೆ. ನಿಲ್ಲಿಸಿದ ಕ್ಷಣದಲ್ಲಿ ಅದು ಪೂರ್ಣಶಕ್ತಿಯ ಶೇಕಡ 6ರಿಂದ 7ರಷ್ಟು, ಒಂದು ಗಂಟೆ ಕಳೆದ ಮೇಲೆ ಶೇಕಡ ಒಂದೂವರೆಯಷ್ಟು, ಒಂದು ದಿನ ಕಳೆದ ಮೇಲೆಯೂ ಶೇಕಡ ಅರ್ಧದಷ್ಟು. ಶೇಕಡ ಅರ್ಧವೆಂದರೆ ಅಲ್ಪವೆಂದು ತೋರಬಹುದು. ಆದರೆ ದಾಯಿಚಿಯ ಎರಡನೆಯ ಅಥವಾ ಮೂರನೆಯ ಘಟಕದ ಗಾತ್ರದ ರಿಯಾಕ್ಟರಿನಲ್ಲಿ ಅದು ಹೆಚ್ಚುಕಡಿಮೆ 12 ಮೆಗಾವಾಟಿನಷ್ಟು ಉಷ್ಣ. ಆ ಉಷ್ಣವನ್ನು ದಿನಗಟ್ಟಲೆ, ವಾರಗಟ್ಟಲೆ, ನೀರು ಹರಿಯಿಸಿ ಹೊರಗೊಯ್ಯಬೇಕು; ನೀರು ಹರಿಯಲು ಪಂಪು ತಿರುಗಬೇಕು; ಪಂಪು ತಿರುಗಲು ವಿದ್ಯುತ್ತು ಬೇಕು.

ಭೂಕಂಪದಿಂದ ಹೊರಗಿನ ವಿದ್ಯುತ್ ಮಾರ್ಗಗಳು ಕಡಿದುವು. ಡೀಸೆಲ್ ಜನರೇಟರುಗಳು ತಕ್ಷಣ ಓಡತೊಡಗಿದುವು. ಸುಮಾರು 50 ನಿಮಿಷಗಳ ತರುವಾಯ 14-15 ಮೀಟರಿನ ಅಲೆ 10 ಮೀಟರ್ ಎತ್ತರದ ನೆಲದ ಮೇಲೇರಿ ಬಂದು, ನೆಲಮಾಳಿಗೆಗಳಲ್ಲಿದ್ದ ಜನರೇಟರುಗಳನ್ನೂ ವಿದ್ಯುತ್ ಹಂಚುವ ಫಲಕಗಳನ್ನೂ ಬ್ಯಾಟರಿಗಳನ್ನೂ ಮುಳುಗಿಸಿತು. ಕತ್ತಲು ಕವಿದ ನಿಯಂತ್ರಣ ಕೊಠಡಿಯಲ್ಲಿ ಕೆಲಸಗಾರರು ಅಂಗಳದಲ್ಲಿ ನಿಂತಿದ್ದ ಕಾರುಗಳ ಬ್ಯಾಟರಿಗಳನ್ನು ಕಳಚಿ ತಂದು, ಅವುಗಳ ಬಲದಿಂದ ರಿಯಾಕ್ಟರಿನೊಳಗಿನ ನೀರಿನ ಮಟ್ಟವನ್ನು ಓದಲು ಹೆಣಗಿದರು. ತಣಿಸುವ ನೀರಿಲ್ಲದೆ ಇಂಧನ ಕರಗಿತು. ಸರಳುಗಳ ಜಿರ್ಕೋನಿಯಂ ಹೊದಿಕೆ ಉಗಿಯೊಡನೆ ವರ್ತಿಸಿ ಜಲಜನಕವನ್ನು ಬಿಡಿಸಿತು. 12, 14, 15ನೆಯ ತಾರೀಖುಗಳಲ್ಲಿ ಒಂದಾದ ಮೇಲೊಂದರಂತೆ ಮೂರು ಕಟ್ಟಡಗಳು ಆ ಅನಿಲದಿಂದ ಸಿಡಿದುವು. ಐದನೆಯ ಮತ್ತು ಆರನೆಯ ಘಟಕಗಳು ಉಳಿದುಕೊಂಡುದಕ್ಕೆ ಕಾರಣ, ಗಾಳಿಯಿಂದ ತಣಿಯುವ ಒಂದೇ ಒಂದು ಜನರೇಟರು ಎತ್ತರದ ಜಾಗದಲ್ಲಿ ನೀರಿಗೆ ಸಿಕ್ಕದೆ ಉಳಿದಿದ್ದುದು. ಇಡೀ ದುರಂತದ ತಿರುಳು ಈ ಒಂದು ಯಂತ್ರದಲ್ಲಿದೆಯೆಂದು ನನಗೆ ಅನ್ನಿಸುತ್ತದೆ. ಅದರ ಜೊತೆಯವನ್ನು ಮೇಲಕ್ಕೆ ಸಾಗಿಸುವುದಕ್ಕೆ ವಿಜ್ಞಾನದಲ್ಲಿ ಯಾವ ಹೊಸ ಆವಿಷ್ಕಾರವೂ ಬೇಕಾಗಿರಲಿಲ್ಲ. ಸ್ಥಾವರವನ್ನು ಕಟ್ಟುವಾಗ 30 ಮೀಟರನ್ನು ಮೀರಿದ್ದ ದಿಣ್ಣೆಯನ್ನು 10 ಮೀಟರಿಗೆ ಕಡಿದು ಇಳಿಸಿದವರೂ, ಅದನ್ನು ಗಟ್ಟಿಬಂಡೆಯ ಮೇಲೆ ಅಡಿಪಾಯ ದೊರೆಯಲೆಂದೂ ಸಮುದ್ರದ ನೀರನ್ನು ಸುಲಭವಾಗಿ ಎತ್ತಲಾಗಲೆಂದೂ ಮಾಡಿದರಲ್ಲದೆ ದುರುದ್ದೇಶದಿಂದಲ್ಲ. ಆಗ ಅವರ ಮುಂದಿದ್ದುದು 1960ರ ಚಿಲಿ ಸುನಾಮಿಯ 3.1 ಮೀಟರ್ ಎಂಬ ಅಳತೆ. 2002ರಲ್ಲಿ ಅದನ್ನು 5.7 ಮೀಟರಿಗೆ ಏರಿಸಿದರು. ಆ ಮೇಲಿನ ತಿಳಿವಳಿಕೆಯು ಮಾತ್ರ ಕಾಗದದಿಂದ ಕಾಂಕ್ರೀಟಿಗೆ ಇಳಿಯಲಿಲ್ಲ.

ಅವಘಡವಾದೊಡನೆ ಕೇಳಿಬಂದ ಸಮಾಧಾನವೆಂದರೆ, ಇಂಥದೊಂದು ಅಲೆಯನ್ನು ಯಾರೂ ಊಹಿಸಿರಲಾರರು ಎಂಬುದು. ಇದು ಸತ್ಯಕ್ಕೆ ದೂರ. ಕ್ರಿಸ್ತಶಕ 869ರಲ್ಲಿ ಅದೇ ತೀರವನ್ನು ನುಂಗಿದ ಜೋಗನ್ ಸುನಾಮಿಯ ವೃತ್ತಾಂತ ಜಪಾನಿನ ಅರಮನೆಯ ಇತಿಹಾಸದಲ್ಲಿ ದಾಖಲಾಗಿತ್ತು. ಭೂವಿಜ್ಞಾನಿಗಳು ಸೆಂದಾಯಿ ಬಯಲಿನ ಗದ್ದೆಗಳ ಕೆಳಗೆ ಅದು ಹರಡಿಹೋದ ಮರಳಿನ ಪದರವನ್ನು ಅಗೆದು ತೋರಿಸಿದ್ದರು. ಭೂಕಂಪಶಾಸ್ತ್ರಜ್ಞ ಕತ್ಸುಹಿಕೋ ಇಶಿಬಾಶಿ 1997ರಲ್ಲಿಯೇ, ಭೂಕಂಪವೂ ರಿಯಾಕ್ಟರ್ ಅವಘಡವೂ ಒಂದರ ಮೇಲೊಂದು ಬಂದಾಗ ರಕ್ಷಣಾಕಾರ್ಯವೇ ಅಸಾಧ್ಯವಾಗುವ ಇಮ್ಮಡಿ ವಿಪತ್ತನ್ನು ಕುರಿತು ಎಚ್ಚರಿಕೆ ಬರೆದಿದ್ದರು. 2009ರಲ್ಲಿ, ಸುರಕ್ಷತಾ ಸಂಸ್ಥೆಯದೇ ಒಂದು ತಜ್ಞ ಸಮಿತಿಯ ಸಭೆಯಲ್ಲಿ, ಯುಕಿನೊಬು ಒಕಾಮುರಾ ಎಂಬ ಭೂವಿಜ್ಞಾನಿ ಜೋಗನ್ನಿನ ಪ್ರಸ್ತಾಪವನ್ನೆತ್ತಿ, ಫುಕುಶಿಮಾದ ಲೆಕ್ಕಾಚಾರದಲ್ಲಿ ಅದೇಕೆ ಇಲ್ಲವೆಂದು ಕೇಳಿದ್ದರು. ಹೊರದೇಶಗಳಿಂದಲೂ ಸೂಚನೆಗಳು ಬಂದಿದ್ದುವು: 1999ರ ಡಿಸೆಂಬರಿನಲ್ಲಿ ಫ್ರಾನ್ಸಿನ ಬ್ಲೇಯೆ ಸ್ಥಾವರಕ್ಕೆ ಬಿರುಗಾಳಿಯ ನೆರೆ ನುಗ್ಗಿ ಪಂಪುಗಳು ಕೆಟ್ಟುನಿಂತಿದ್ದುವು. ನಮ್ಮದೇ ನೆರೆಯ ಕಲ್ಪಾಕ್ಕಂನಲ್ಲಿ 2004ರ ಡಿಸೆಂಬರ್ 26ರ ಸುನಾಮಿ ಸಮುದ್ರದ ನೀರಿನ ಪಂಪುಮನೆಯನ್ನು ಹೊಕ್ಕಿತು. ವಿದ್ಯುತ್ತು ಉಳಿದಿದ್ದುದರಿಂದ ಅಲ್ಲಿನ ನೌಕರರು ಎರಡನೆಯ ಘಟಕವನ್ನು ಸುರಕ್ಷಿತವಾಗಿ ನಿಲ್ಲಿಸಿದರಾದರೂ, ಅವರ ವಸತಿಪ್ರದೇಶದಲ್ಲಿ ಅಲೆ ಜನರನ್ನು ಬಲಿತೆಗೆದುಕೊಂಡಿತು. ಮರುವರ್ಷ ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯು ಅದೇ ಕಲ್ಪಾಕ್ಕಂನಲ್ಲಿ ನೆರೆಯಿಂದ ಸ್ಥಾವರಗಳಿಗೆ ಒದಗುವ ಅಪಾಯವನ್ನು ಕುರಿತು ತಜ್ಞರ ಕಾರ್ಯಾಗಾರವನ್ನು ನಡೆಯಿಸಿತು. ತಿಳಿಯಬೇಕಾದುದೆಲ್ಲ ತಿಳಿದವರಿಗೆ ತಿಳಿದಿತ್ತು.

ತಿಳಿದುದು ಕೃತಿಗೆ ಬಂದಾಗ ಏನಾಗುತ್ತದೆಂಬುದಕ್ಕೆ ಅದೇ ತೀರದಲ್ಲಿ, ಅದೇ ದಿನ, ಎರಡು ನಿದರ್ಶನಗಳು ದೊರೆತುವು. ಫುಕುಶಿಮಾದ ಹೆಸರು ಕೇಳಿದವರಲ್ಲಿ ಬಹುಜನಕ್ಕೆ ಇವುಗಳ ಹೆಸರು ತಿಳಿಯದಿರುವುದು ವಿಷಾದದ ವಿಷಯ. ಮೊದಲನೆಯದು ಒನಗಾವಾ. ಜಪಾನಿನ ಎಲ್ಲ ಸ್ಥಾವರಗಳಿಗಿಂತಲೂ ಭೂಕಂಪದ ಕೇಂದ್ರಕ್ಕೆ ಹತ್ತಿರವಾಗಿದ್ದುದು ಅದೇ. ಅಲ್ಲಿಗೆ ಬಂದ ಅಲೆಯ ಎತ್ತರ ಸುಮಾರು 13 ಮೀಟರ್. ತೊಹೋಕು ವಿದ್ಯುತ್ ಕಂಪನಿಯ ಯಾನೊಸುಕೆ ಹಿರಾಯಿ ಎಂಬ ಹಿರಿಯ ಎಂಜಿನಿಯರು, ಸ್ಥಾವರದ ನೆಲವನ್ನು ಆರಿಸುವ ಕಾಲದಲ್ಲಿ, ಜೋಗನ್ನಿನ ಕಥೆಯನ್ನು ಕಥೆಯೆಂದು ಬಿಡದೆ, ಉಳಿದವರು ಅಷ್ಟೇಕೆಂದು ಆಕ್ಷೇಪಿಸಿದರೂ ಕೇಳದೆ, 14.8 ಮೀಟರಿಗಿಂತ ಕೆಳಗೆ ಕಟ್ಟಕೂಡದೆಂದು ಪಟ್ಟುಹಿಡಿದಿದ್ದರು. ಭೂಕಂಪದಿಂದ ನೆಲ ಸುಮಾರು ಒಂದು ಮೀಟರ್ ಕುಸಿದ ಮೇಲೆಯೂ ಅಲೆಗಿಂತ ಒಂದಿಷ್ಟು ಎತ್ತರ ಉಳಿಯಿತು. ರಿಯಾಕ್ಟರುಗಳು ಕ್ಷೇಮವಾಗಿ ನಿಂತುವು. ಅಷ್ಟೇ ಅಲ್ಲ, ಮನೆಮಠ ಕೊಚ್ಚಿಹೋದ ಸುತ್ತಲಿನ ಹಳ್ಳಿಗಳ ಮುನ್ನೂರಕ್ಕೂ ಮಿಕ್ಕ ಜನ ಆ ಸ್ಥಾವರದ ವ್ಯಾಯಾಮಶಾಲೆಯಲ್ಲಿಯೇ ಆಶ್ರಯ ಪಡೆದರು. ಹಿರಾಯಿ ಅವರು ಇದನ್ನು ಕಾಣಲು ಬದುಕಿರಲಿಲ್ಲ. ಅವರು 1986ರಲ್ಲಿಯೇ ತೀರಿಹೋಗಿದ್ದರು.

ಎರಡನೆಯದು ತೋಕಾಯಿ, ನನ್ನ ಮಟ್ಟಿಗೆ ಇದು ಒನಗಾವಾಕ್ಕಿಂತಲೂ ಹೆಚ್ಚು ಬೋಧಪ್ರದವಾದುದು, ಏಕೆಂದರೆ ಅಲ್ಲಿ ಸ್ಥಾವರವನ್ನು ಉಳಿಸಿದವನು ಯಾವ ಒಬ್ಬ ದೂರದರ್ಶಿಯೂ ಅಲ್ಲ. ಇಬಾರಾಕಿ ಪ್ರಾಂತದ ಆಡಳಿತವು 2007ರಲ್ಲಿ ತನ್ನ ಕರಾವಳಿಗೆಲ್ಲ ಸುನಾಮಿಯ ಅಂದಾಜನ್ನು ಸಿದ್ಧಪಡಿಸಿ ಪ್ರಕಟಿಸಿತು. ಅದು ಎಲ್ಲರೂ ನೋಡಬಹುದಾದ ನಕ್ಷೆ. ತಮ್ಮ ಸ್ಥಾವರದ ಪಂಪುಗಳ ಸುತ್ತಲಿನ ಗೋಡೆ ಆ ನಕ್ಷೆಯ ಅಂಕಿಗೆ ಸಾಲದೆಂದು ಕಂಡುದರಿಂದ ಅಲ್ಲಿನ ಕಂಪನಿ ಅದನ್ನು 6.1 ಮೀಟರಿಗೆ ಏರಿಸುವ ಕೆಲಸವನ್ನು ಕೈಗೊಂಡಿತು. ಅಲೆ ಬಂದ ದಿನ ಗೋಡೆ ಎದ್ದಿತ್ತು, ಕೊಳವೆಗಳ ಕಂಡಿಗಳನ್ನು ಮುಚ್ಚುವ ಕೆಲಸ ಮಾತ್ರ ಒಂದು ಭಾಗದಲ್ಲಿ ಬಾಕಿಯಿತ್ತು. ಆ ಕಂಡಿಯಿಂದ ನೀರು ನುಗ್ಗಿ ಮೂರು ಜನರೇಟರುಗಳಲ್ಲಿ ಒಂದು ನಿಂತಿತು, ಎರಡು ಓಡಿದುವು, ರಿಯಾಕ್ಟರು ತಣಿಯಿತು. ಟೋಕಿಯೋ ಮಹಾನಗರಕ್ಕೆ 120 ಕಿಲೋಮೀಟರಿನಷ್ಟೇ ದೂರದಲ್ಲಿರುವ ಸ್ಥಾವರವದು. ಒಂದು ಕಡೆ ಕಪಾಟಿನಲ್ಲಿ ಉಳಿದ ಅಂಕಿ, ಇನ್ನೊಂದು ಕಡೆ ಪ್ರಾಂತದ ಆಡಳಿತದವರು ಬಹಿರಂಗಪಡಿಸಿದ ಅಂಕಿ. ಇವೆರಡರ ನಡುವಣ ವ್ಯತ್ಯಾಸ ಎಷ್ಟು ಸಾವಿರ ಕುಟುಂಬಗಳ ಬಾಳಿನ ವ್ಯತ್ಯಾಸವಾಯಿತೆಂಬುದನ್ನು ನಾವು ಸಾವಧಾನವಾಗಿ ಯೋಚಿಸಬೇಕಾಗಿದೆ.

ಹಾಗಾದರೆ ದಾಯಿಚಿಯಲ್ಲಿ ಆ ಅಂಕಿ ಬಾಯಿಬಿಡದಂತೆ ತಡೆದುದೇನು? ಜಪಾನಿನ ಸಂಸತ್ತು ವೈದ್ಯವಿಜ್ಞಾನಿ ಕಿಯೋಶಿ ಕುರೊಕಾವಾ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಸ್ವತಂತ್ರ ಆಯೋಗವು, ಸಾವಿರಕ್ಕೂ ಮೇಲ್ಪಟ್ಟ ಜನರನ್ನು ವಿಚಾರಿಸಿ 2012ರ ಜುಲೈ ತಿಂಗಳಲ್ಲಿ ಒಪ್ಪಿಸಿದ ವರದಿಯಲ್ಲಿ, ಈ ದುರಂತ ಮನುಷ್ಯಕೃತವೆಂದು ನಿಸ್ಸಂದಿಗ್ಧವಾಗಿ ಸಾರಿತು. ಅಣುವಿದ್ಯುತ್ತನ್ನು ಬೆಳೆಸುವ ಹೊಣೆ ಹೊತ್ತ ಸಚಿವಾಲಯದ ಮಡಿಲಲ್ಲಿಯೇ ಅದನ್ನು ನಿಯಂತ್ರಿಸುವ ಸಂಸ್ಥೆಯೂ ಇದ್ದುದು, ನಿಯಂತ್ರಕರು ಕಾಲಕ್ರಮದಲ್ಲಿ ನಿಯಂತ್ರಿತರ ಅಭಿಪ್ರಾಯಗಳಿಗೆ ವಶರಾದುದು, ಹೊಸ ಸುರಕ್ಷತಾ ಕ್ರಮಗಳನ್ನು ಅಳವಡಿಸಿದರೆ ಹಳೆಯವು ಸಾಲದಾಗಿದ್ದುವೆಂದು ಒಪ್ಪಿದಂತಾಗಿ ನ್ಯಾಯಾಲಯಗಳಲ್ಲಿ ಸೋಲುವೆವೆಂಬ ಭಯ, ಇವೆಲ್ಲ ಅದರಲ್ಲಿ ಬಯಲಾದುವು. ಈ ಕೊನೆಯ ಅಂಶದ ಬಳಿ ನಾವು ಸ್ವಲ್ಪ ನಿಲ್ಲಬೇಕು. ಸ್ಥಾವರಗಳಿಗೆ ಅವಘಡವೇ ಆಗದೆಂದು ಜನರಿಗೆ ದಶಕಗಳ ಕಾಲ ಭರವಸೆ ಕೊಟ್ಟವರು, ಆ ಭರವಸೆಯ ಸೆರೆಯಾಳುಗಳಾದರು. ಗೋಡೆಯನ್ನು ಎತ್ತರಿಸೋಣವೆಂದರೆ, ಇಷ್ಟು ದಿನ ಗೋಡೆ ಕುಳ್ಳಾಗಿತ್ತೇ ಎಂದು ಯಾರಾದರೂ ಕೇಳುವರು. ಆದುದರಿಂದ ಗೋಡೆಯನ್ನು ಎತ್ತರಿಸುವುದು ಬೇಡ. ಪೂರ್ಣ ಸುರಕ್ಷತೆಯ ಘೋಷಣೆಯು ಸುರಕ್ಷತೆಗೆ ಶತ್ರುವಾದ ಬಗೆ ಇದು.

ಕುರೊಕಾವಾ ಅವರು ವರದಿಯ ಇಂಗ್ಲಿಷ್ ಆವೃತ್ತಿಯ ಮುನ್ನುಡಿಯಲ್ಲಿ ಇದಕ್ಕೆಲ್ಲ ತಮ್ಮ ಜನಾಂಗದ ವಿಧೇಯತೆಯ ಸ್ವಭಾವವನ್ನೂ ಹಿರಿಯರನ್ನು ಪ್ರಶ್ನಿಸದ ಸಂಸ್ಕಾರವನ್ನೂ ಕಾರಣವಾಗಿ ಸೂಚಿಸಿದರು. ಅವರ ಪ್ರಾಮಾಣಿಕತೆಗೆ ತಲೆಬಾಗುತ್ತಲೇ, ಈ ಮಾತನ್ನು ನಾನು ಒಪ್ಪಲಾರೆ. ಹಿರಾಯಿ, ಇಶಿಬಾಶಿ, ಒಕಾಮುರಾ ಇವರೂ ಜಪಾನೀಯರೇ. ಕಾಗದದ ಮೇಲೆ 15.7 ಎಂದು ಬರೆದ ಕಂಪನಿಯ ತಂತ್ರಜ್ಞರೂ ಜಪಾನೀಯರೇ. ಜನಾಂಗದ ಸ್ವಭಾವವನ್ನು ದೂರಿದರೆ ಸಂಸ್ಥೆಗಳ ರಚನೆಯನ್ನು ತಿದ್ದುವ ಹೊಣೆ ಹಗುರವಾಗಿಬಿಡುತ್ತದೆ. ಜೊತೆಗೆ, ಇಂಥದು ಜಪಾನಿನಲ್ಲಿ ಮಾತ್ರ ನಡೆಯುವುದೆಂದು ಉಳಿದ ದೇಶದವರು ನಿಶ್ಚಿಂತರಾಗುವುದಕ್ಕೂ ಅವಕಾಶವಾಗುತ್ತದೆ. ಎದ್ದುನಿಂತು ಕೇಳುವವರು ಅಲ್ಲಿಯೂ ಇದ್ದರು, ಎಲ್ಲೆಲ್ಲಿಯೂ ಇರುತ್ತಾರೆ. ಅವರು ಕೇಳಿದುದಕ್ಕೆ ಉತ್ತರಿಸಲೇಬೇಕೆಂಬ ನಿರ್ಬಂಧ ಮಾತ್ರ ಅಲ್ಲಿರಲಿಲ್ಲ.

ಅವಘಡದ ಅನಂತರದ ಚರ್ಚೆಯಾದರೂ ನಿರ್ಮಲವಾಗಿತ್ತೇ ಎಂದರೆ, ಇಲ್ಲವೆನ್ನಬೇಕಾಗಿದೆ. ವಿಕಿರಣ ಯಾವ ದಿಕ್ಕಿಗೆ ಹರಡೀತೆಂದು ಲೆಕ್ಕಹಾಕುವ ವ್ಯವಸ್ಥೆ ಸರ್ಕಾರದ ಬಳಿಯಿದ್ದೂ ಅದರ ಫಲಿತಾಂಶವನ್ನು ಜನರಿಗೆ ಸಕಾಲದಲ್ಲಿ ತಿಳಿಸಲಿಲ್ಲವಾಗಿ, ನಮಿಯೆ ಪಟ್ಟಣದ ಅನೇಕರು ಅಪಾಯದಿಂದ ಓಡುತ್ತಿದ್ದೇವೆಂದು ನಂಬಿ ಅದು ಹರಿದುಹೋದ ದಿಕ್ಕಿನಲ್ಲಿದ್ದ ತ್ಸುಶಿಮಾಕ್ಕೇ ಹೋಗಿ ತಂಗಿದರು. ಅದೇ ವರ್ಷದ ಜೂನ್ ತಿಂಗಳಲ್ಲಿ, ಗೆಂಕಾಯಿ ಸ್ಥಾವರವನ್ನು ಮತ್ತೆ ನಡೆಯಿಸುವ ವಿಷಯವಾಗಿ ಸರ್ಕಾರ ಏರ್ಪಡಿಸಿದ ಪ್ರಸಾರಸಭೆಗೆ ಸಾಮಾನ್ಯ ನಾಗರಿಕರ ಸೋಗಿನಲ್ಲಿ ಬೆಂಬಲದ ಸಂದೇಶಗಳನ್ನು ಕಳುಹಿಸುವಂತೆ ಕ್ಯೂಶೂ ವಿದ್ಯುತ್ ಕಂಪನಿಯಿಂದ ನೌಕರರಿಗೆ ಸೂಚನೆ ಹೋಗಿದ್ದುದು ಬಯಲಾಯಿತು. ಚರ್ಚೆಯ ವೇದಿಕೆಯಲ್ಲಿ ಹುಸಿದನಿಗಳನ್ನು ಕೂಡಿಸುವುದು ಅಳತೆಯ ಯಂತ್ರದ ಮುಳ್ಳನ್ನು ಬೆರಳಿನಿಂದ ಒತ್ತಿಹಿಡಿದಂತೆ. ಅದರಿಂದ ಮೋಸಹೋಗುವವರಲ್ಲಿ ಒತ್ತಿಹಿಡಿದವರೂ ಸೇರಿರುತ್ತಾರೆ.

ಇನ್ನೊಂದು ಪಕ್ಷದ ದೋಷವನ್ನೂ ಮುಚ್ಚಿಡಬಾರದು. ಭೂಕಂಪ ಮತ್ತು ಸುನಾಮಿಗಳಿಗೆ ಬಲಿಯಾದ 18,000ಕ್ಕೂ ಮಿಕ್ಕ ಜನರನ್ನು ವಿಕಿರಣದ ಲೆಕ್ಕಕ್ಕೆ ಸೇರಿಸಿ ಹೇಳುವ ಭಾಷಣಗಳನ್ನು ಇಂದಿಗೂ ಕೇಳುತ್ತೇವೆ. ಅವರು ಸತ್ತುದು ನೀರಿನಿಂದ. ವಿಕಿರಣದ ಪರಿಣಾಮಗಳನ್ನು ಅಭ್ಯಸಿಸುವ ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿಯು, ಸುತ್ತಣ ನಿವಾಸಿಗಳ ಆರೋಗ್ಯದಲ್ಲಿ ವಿಕಿರಣದಿಂದಲೇ ಆದುದೆಂದು ಗುರುತಿಸಬಹುದಾದ ಹಾನಿ ಕಂಡುಬಂದಿಲ್ಲವೆಂದೇ ಹೇಳಿದೆ. ಹಾಗೆಂದು ಸ್ಥಾವರದ ಅವಘಡ ಯಾರನ್ನೂ ಕೊಲ್ಲಲಿಲ್ಲವೆನ್ನುವಂತೆಯೂ ಇಲ್ಲ. ಲಕ್ಷದೈವತ್ತು ಸಾವಿರಕ್ಕೂ ಮೇಲ್ಪಟ್ಟ ಜನ ಮನೆ ತೊರೆಯಬೇಕಾಯಿತು. ಫುತಾಬಾ ಆಸ್ಪತ್ರೆಯ ಹಾಸಿಗೆ ಹಿಡಿದ ವೃದ್ಧ ರೋಗಿಗಳನ್ನು ಬಸ್ಸುಗಳಲ್ಲಿ ಕೂರಿಸಿ ಗಂಟೆಗಟ್ಟಲೆ ಊರೂರು ಸುತ್ತಿಸಿದುದರಲ್ಲಿ, ಹಾಗೂ ಆರೈಕೆಯಿಲ್ಲದೆ ಅಲ್ಲಿಯೇ ಬಿಟ್ಟುದರಲ್ಲಿ, ನಲವತ್ತಕ್ಕೂ ಮಿಕ್ಕವರು ಸತ್ತರು. ಮುಂದಿನ ವರ್ಷಗಳಲ್ಲಿ ಸ್ಥಳಾಂತರದ ಕ್ಲೇಶ, ಆತ್ಮಹತ್ಯೆ, ಉಲ್ಬಣಿಸಿದ ಕಾಯಿಲೆಗಳಿಂದ ಫುಕುಶಿಮಾ ಪ್ರಾಂತದಲ್ಲಿ ಸತ್ತವರೆಂದು ಅಧಿಕೃತವಾಗಿ ದಾಖಲಾದವರ ಸಂಖ್ಯೆ 2,000ವನ್ನು ಮೀರಿತು. ರಿಯಾಕ್ಟರಿನ ಸುರಕ್ಷತೆಯೆಂದರೆ ಗುಮ್ಮಟದೊಳಗಿನ ವಿಷಯವೆಂದೇ ಭಾವಿಸಿ, ಗುಮ್ಮಟದ ಹೊರಗೆ ನಡೆಯಲಾರದ ಅಜ್ಜಿಯೊಬ್ಬಳನ್ನು ಯಾರು, ಯಾವ ವಾಹನದಲ್ಲಿ, ಯಾವ ದಾರಿಯಿಂದ, ಎಲ್ಲಿಗೆ ಕರೆದೊಯ್ಯುವರೆಂಬುದನ್ನು ಯೋಚಿಸದಿದ್ದುದರ ಫಲ ಇದು. ಎರಡು ಪಕ್ಷಗಳ ಘೋಷಗಳ ನಡುವೆ ಈ ಪ್ರಶ್ನೆ ಅನಾಥವಾಗಿ ಉಳಿದುಬಿಡುತ್ತದೆ. ನನಗೆ ಅತ್ಯಂತ ಸಂಕಟವನ್ನುಂಟುಮಾಡುವುದು ಇದೇ.

ಈ ಪ್ರಶ್ನೆಗೆ ಕಾಲವೇ ಇನ್ನೊಮ್ಮೆ ಉತ್ತರ ಬೇಡಿದುದು 2024ರ ಜನವರಿ 1ರಂದು. ಜಪಾನಿನ ಪಶ್ಚಿಮತೀರದ ನೋಟೋ ಪರ್ಯಾಯದ್ವೀಪದಲ್ಲಿ 7.6 ಪ್ರಮಾಣದ ಭೂಕಂಪವಾಯಿತು. 2011ರಿಂದ ನಿಂತೇ ಇದ್ದ ಅಲ್ಲಿನ ಶಿಕಾ ಸ್ಥಾವರದಲ್ಲಿ ಟ್ರಾನ್ಸ್‌ಫಾರ್ಮರುಗಳ ಎಣ್ಣೆ ಸೋರಿತು. ಸುತ್ತಣ ಹಲವು ವಿಕಿರಣಮಾಪಕಗಳಿಂದ ಮಾಹಿತಿ ಬರುವುದು ನಿಂತಿತು. ರಸ್ತೆಗಳು ಬಿರಿದು ಹಳ್ಳಿಗಳು ದಿನಗಟ್ಟಲೆ ದ್ವೀಪಗಳಂತಾದುವು. ಉತ್ತರ ತೀರದಲ್ಲಿ ಕೆಲವೆಡೆ ಕಡಲತಳವೇ ಸುಮಾರು 4 ಮೀಟರ್ ಮೇಲೆದ್ದು ಬಂದರುಗಳು ಒಣಗಿದುವು. ಅವಘಡವಾದರೆ ಮನೆಯೊಳಗೆ ಬಾಗಿಲು ಮುಚ್ಚಿಕೊಂಡಿರಿ, ಆಮೇಲೆ ರಸ್ತೆಯಿಂದ ಹೊರಡಿರಿ ಎಂಬುದು ಯೋಜನೆಯ ಆಜ್ಞೆ. ಮನೆ ಬಿದ್ದಿದೆ, ರಸ್ತೆಯಿಲ್ಲ. ಆ ಕಂಪನದ ಕೇಂದ್ರವಿದ್ದುದು ಸುಜು ನಗರದ ಸೀಮೆಯಲ್ಲಿ. ಅದೇ ಸುಜುವಿನಲ್ಲಿ 1970ರ ದಶಕದಿಂದ ಮೂರು ವಿದ್ಯುತ್ ಕಂಪನಿಗಳು ಅಣುಸ್ಥಾವರವೊಂದನ್ನು ಕಟ್ಟಲು ಪ್ರಯತ್ನಿಸಿದ್ದುವು. ಅಲ್ಲಿನ ರೈತರೂ ಮೀನುಗಾರರೂ ಗೃಹಿಣಿಯರೂ ಅದನ್ನು ವಿರೋಧಿಸಿ, 1989ರಲ್ಲಿ ನಗರದ ಆಡಳಿತ ಕಚೇರಿಯಲ್ಲಿ ವಾರಗಟ್ಟಲೆ ಧರಣಿ ಕುಳಿತು, ನೆಂಟರೊಳಗೇ ಮನಸ್ತಾಪಗಳನ್ನು ಅನುಭವಿಸಿ, ಕೊನೆಗೆ 2003ರ ಡಿಸೆಂಬರಿನಲ್ಲಿ ಯೋಜನೆಯನ್ನು ಕೈಬಿಡುವಂತೆ ಮಾಡಿದರು. ಆಗ ಅವರನ್ನು ಪ್ರಗತಿಗೆ ಅಡ್ಡಬಂದವರೆಂದು ದೂರಿದವರು ಕಡಮೆಯಿರಲಿಲ್ಲ. ಅವರಿಗೆ ಭೂಕಂಪಶಾಸ್ತ್ರ ಬರುತ್ತಿರಲಿಲ್ಲವೆಂಬುದು ನಿಜ. ಆದರೆ ತಮ್ಮೂರಿನಿಂದ ಹೊರಹೋಗಲು ಇರುವ ದಾರಿಗಳು ಎಷ್ಟು, ಹಿಮ ಬಿದ್ದಾಗ ಅವು ಏನಾಗುತ್ತವೆ ಎಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು. ಈ ಬಗೆಯ ಜ್ಞಾನಕ್ಕೆ ತಜ್ಞರ ಸಮಿತಿಯಲ್ಲಿ ಆಸನವಿಲ್ಲ.

ಜಪಾನ್ ತನ್ನ ಸಂಸ್ಥೆಗಳನ್ನು ತಿದ್ದಿಕೊಂಡ ಬಗೆಯಲ್ಲಿ ಮೆಚ್ಚತಕ್ಕದ್ದೂ ಉಂಟು. 2012ರ ಸೆಪ್ಟೆಂಬರಿನಲ್ಲಿ ಹಳೆಯ ಸಂಸ್ಥೆಯನ್ನು ರದ್ದುಮಾಡಿ, ಉದ್ಯಮ ಸಚಿವಾಲಯದ ಅಂಕೆಯಿಂದ ಹೊರತಾದ ಹೊಸ ನಿಯಂತ್ರಣ ಪ್ರಾಧಿಕಾರವನ್ನು ಸ್ಥಾಪಿಸಿದರು. ರಿಯಾಕ್ಟರುಗಳನ್ನು 60 ವರ್ಷಗಳಾಚೆಗೂ ನಡೆಯಿಸಲು ಅವಕಾಶ ಕೊಡುವ ವಿಷಯ 2023ರ ಫೆಬ್ರವರಿಯಲ್ಲಿ ಅದರ ಮುಂದೆ ಬಂದಾಗ, ಐವರು ಸದಸ್ಯರಲ್ಲಿ ಒಬ್ಬರಾದ ಭೂವಿಜ್ಞಾನಿ ಅಕಿರಾ ಇಶಿವಾತಾರಿ ಅವರು ಕಡೆಯವರೆಗೂ ಒಪ್ಪಲಿಲ್ಲ. ಬದಲಾವಣೆ ಬಹುಮತದಿಂದ ಅಂಗೀಕಾರವಾಯಿತಾದರೂ ಅವರ ಅಸಮ್ಮತಿ ಎಲ್ಲರ ಕಿವಿಗೂ ಬಿದ್ದಿತು. ಮರುವರ್ಷದ ನವೆಂಬರಿನಲ್ಲಿ ಅದೇ ಪ್ರಾಧಿಕಾರವು, ತ್ಸುರುಗಾದ ಎರಡನೆಯ ರಿಯಾಕ್ಟರಿನ ಅಡಿಯಲ್ಲಿ ಸಕ್ರಿಯ ಭೂಸ್ತರಭಂಗವಿರುವ ಸಂಭವವನ್ನು ಅಲ್ಲಗಳೆಯಲಾಗದೆಂಬ ಕಾರಣದಿಂದ, ಅದನ್ನು ಮತ್ತೆ ನಡೆಯಿಸಲು ಅನುಮತಿಯನ್ನು ನಿರಾಕರಿಸಿತು. ಇಂಥ ನಿರಾಕರಣೆ ಅದರ ಇತಿಹಾಸದಲ್ಲಿ ಮೊದಲನೆಯದು. ಅಣುವಿದ್ಯುತ್ತು ಬೇಕೆನ್ನುವವರು ಇದನ್ನು ತಮಗಾದ ಸೋಲೆಂದು ಎಣಿಸಬಾರದು. ಬೇಡವೆನ್ನಬಲ್ಲ ಸಂಸ್ಥೆಯೊಂದು ಸರಿಯೆಂದಾಗ ಮಾತ್ರ ಆ ಮಾತನ್ನು ನೆರೆಯ ಊರಿನವನು ನಂಬಬಲ್ಲನು.

ಇನ್ನು ನಮ್ಮ ನಾಡಿನ ವಿಷಯ. ಕಾಳೀನದಿಯ ದಡದ ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ರಿಯಾಕ್ಟರುಗಳು ನಡೆಯುತ್ತಿವೆ; ತಲಾ 700 ಮೆಗಾವಾಟಿನ ಇನ್ನೆರಡು ಅಲ್ಲಿಗೇ ಗೊತ್ತಾಗಿವೆ. ಆ ಸ್ಥಾವರವನ್ನು ಡಾ. ಶಿವರಾಮ ಕಾರಂತರು ಎಷ್ಟು ತೀವ್ರವಾಗಿ ವಿರೋಧಿಸಿದರೆಂದರೆ, ವೃದ್ಧಾಪ್ಯದಲ್ಲಿ, 1989ರಲ್ಲಿ, ಪರಿಸರದ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ಉತ್ತರ ಕನ್ನಡದಿಂದ ಲೋಕಸಭೆಯ ಚುನಾವಣೆಗೆ ನಿಂತರು. ಅವರು ಗೆಲ್ಲಲಿಲ್ಲ. 1994ರ ಮೇ 13ರಂದು ಕಟ್ಟುತ್ತಿದ್ದ ಒಂದನೆಯ ಘಟಕದ ಕಾಂಕ್ರೀಟು ಗುಮ್ಮಟದ ಒಳಪದರ ಕಳಚಿ ಬಿದ್ದಿತು. ಇಂಧನವನ್ನು ಇನ್ನೂ ತುಂಬಿರಲಿಲ್ಲವಾದುದರಿಂದ ವಿಕಿರಣದ ಮಾತಿರಲಿಲ್ಲ. ಗುಮ್ಮಟದ ವಿನ್ಯಾಸವನ್ನು ಬದಲಿಸಿ ಮತ್ತೆ ಕಟ್ಟಿದರು. ಅದೇ ಘಟಕ ಮುಂದೆ, 2018ರ ಡಿಸೆಂಬರ್ 31ರ ವರೆಗೆ, 962 ದಿನ ನಿಲ್ಲದೆ ನಡೆದು ಜಗತ್ತಿನ ದಾಖಲೆಯನ್ನು ಸ್ಥಾಪಿಸಿತು. ಎರಡೂ ಸತ್ಯವೇ. ಗುಮ್ಮಟ ಬಿದ್ದುದನ್ನು ಮರೆತು ದಾಖಲೆಯನ್ನು ಹೊಗಳುವುದೂ, ದಾಖಲೆಯನ್ನು ಮರೆತು ಗುಮ್ಮಟವನ್ನೇ ಜಪಿಸುವುದೂ ವಿವೇಕಿಗಳಿಗೆ ತಕ್ಕುದಲ್ಲ.

ಕೈಗಾಕ್ಕೆ ಸುನಾಮಿಯ ಭಯವಿಲ್ಲ. ಅದು ಕಡಲಿನಿಂದ ಒಳಗೆ, ಘಟ್ಟದ ಮಡಿಲಲ್ಲಿದೆ. ಅಲ್ಲಿನ ಪ್ರಕೃತಿ ಬೇರೆಯ ವೇಷದಲ್ಲಿ ಬರುತ್ತದೆ. ಸ್ಥಾವರದ ಮೇಲ್ಗಡೆ ಕೊಡಸಳ್ಳಿ ಅಣೆಕಟ್ಟು, ಕೆಳಗಡೆ ಕದ್ರಾ. 2019ರ ಆಗಸ್ಟಿನಲ್ಲಿ ಕದ್ರಾದಿಂದ ಬಿಟ್ಟ ನೀರು ಕೆಳಗಿನ ಹಳ್ಳಿಗಳನ್ನು ಮುಳುಗಿಸಿತು. 2021ರ ಜುಲೈ ಮಳೆಯಲ್ಲಿ ಅರಬೈಲು ಘಟ್ಟದ ಹೆದ್ದಾರಿ ಕುಸಿಯಿತು. 2024ರ ಜುಲೈ 16ರಂದು ಅಂಕೋಲೆಯ ಬಳಿಯ ಶಿರೂರಿನಲ್ಲಿ ಗುಡ್ಡವೇ ಜರಿದು ರಾಷ್ಟ್ರೀಯ ಹೆದ್ದಾರಿಯನ್ನೂ ಅದರ ಮೇಲಿದ್ದವರನ್ನೂ ಗಂಗಾವಳಿಗೆ ನೂಕಿದುದನ್ನು ಕನ್ನಡಿಗರಾರೂ ಮರೆತಿರಲಾರರು. ಒಂದೇ ಜಿಲ್ಲೆಯ, ಒಂದೇ ಋತುವಿನ ಸಂಗತಿಗಳಿವು. ಸ್ಥಾವರದ ಸುತ್ತ 16 ಕಿಲೋಮೀಟರ್ ತ್ರಿಜ್ಯದ ಪ್ರದೇಶಕ್ಕೆ ತುರ್ತುಯೋಜನೆಯೊಂದಿರಬೇಕೆಂಬುದು ನಮ್ಮ ದೇಶದ ನಿಯಮ. ಜಿಲ್ಲಾಡಳಿತ ಅದರ ತಾಲೀಮನ್ನೂ ನಡೆಯಿಸುತ್ತದೆ. ಆದರೆ ನೋಟೋದ ಹಳ್ಳಿಗರು ಎದುರಿಸಿದ ಪ್ರಶ್ನೆ ಇಲ್ಲಿಯೂ ಅಷ್ಟೇ ನೇರವಾಗಿ ನಿಲ್ಲುತ್ತದೆ: ಕಾಳಿ ಉಕ್ಕಿರುವಾಗ, ಘಟ್ಟದ ದಾರಿ ಕುಸಿದಿರುವಾಗ, ಕರಾವಳಿಯ ಹೆದ್ದಾರಿಗೆ ಮಣ್ಣು ಬಿದ್ದಿರುವಾಗ, ಆ ಯೋಜನೆಯ ಪುಟಗಳಲ್ಲಿರುವ ಬಸ್ಸು ಯಾವ ರಸ್ತೆಯಲ್ಲಿ ಹೋಗುತ್ತದೆ?

ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಲಿಗೆ ಶಾಸನದ ಬಲವೂ ಸ್ವಾತಂತ್ರ್ಯವೂ ಸಾಲದೆಂದು ಮಹಾಲೇಖಪಾಲರು 2012ರಲ್ಲಿಯೇ ವರದಿಮಾಡಿದ್ದರು. ಫುಕುಶಿಮಾದ ಅನಂತರ ಅದೇ ಉದ್ದೇಶದಿಂದ ಸಂಸತ್ತಿನಲ್ಲಿ ಮಂಡಿಸಿದ 2011ರ ಮಸೂದೆ ಲೋಕಸಭೆಯ ಅವಧಿ ಮುಗಿದೊಡನೆ ಬಿದ್ದುಹೋಯಿತು. ಅವೆಲ್ಲ ದಿಲ್ಲಿಯ ಮಾತುಗಳು, ನಿಧಾನವಾಗಿ ನಡೆಯತಕ್ಕವು. ಕಾರವಾರದಲ್ಲಿ ಇಂದೇ ಆಗಬಹುದಾದುದೊಂದಿದೆ. ಕೈಗಾದ ಹೊರಾವರಣದ ತುರ್ತುಯೋಜನೆಯಲ್ಲಿ ಭದ್ರತೆಗೆ ಸಂಬಂಧಿಸಿದ ಪುಟಗಳನ್ನುಳಿದು ಮಿಕ್ಕುದನ್ನೆಲ್ಲ ತಿಳಿಗನ್ನಡದಲ್ಲಿಯೂ ಕೊಂಕಣಿಯಲ್ಲಿಯೂ ಅಚ್ಚುಹಾಕಿಸಿ, 16 ಕಿಲೋಮೀಟರಿನೊಳಗಿನ ಪ್ರತಿಯೊಂದು ಪಂಚಾಯಿತಿಗೂ ಶಾಲೆಗೂ ಕೊಡತಕ್ಕದ್ದು. ಕೈಗಾದ ನೆರೆಯ ಮಲ್ಲಾಪುರದಲ್ಲಿ ಸಭೆ ಕರೆದು ಅದನ್ನು ಓದಿಹೇಳಿ, ಶಿರೂರಿನ ಕುಸಿತದ ತರುವಾಯ ಅದರಲ್ಲಿ ಯಾವ ಯಾವ ದಾರಿಗಳನ್ನು ಬದಲಿಸಿದೆಯೆಂಬುದನ್ನು ತಿಳಿಸಿ, ಹಳ್ಳಿಯವರು ಎತ್ತಿದ ಪ್ರತಿಯೊಂದು ಪ್ರಶ್ನೆಗೂ ಲಿಖಿತ ಉತ್ತರವನ್ನು ಒದಗಿಸತಕ್ಕದ್ದು. ಅಧಿಕಾರಿಗಳಲ್ಲಿಯೇ ಯಾರಿಗಾದರೂ ಆ ಉತ್ತರ ಒಪ್ಪಿಗೆಯಾಗದಿದ್ದರೆ ಅವರ ಭಿನ್ನಾಭಿಪ್ರಾಯವನ್ನೂ ಅದರ ಜೊತೆಗೆ ಮುದ್ರಿಸತಕ್ಕದ್ದು. ಮುಂದಿನ ಮುಂಗಾರು ಘಟ್ಟವನ್ನು ಮುಟ್ಟುವುದಕ್ಕೆ ಮೊದಲು ಇಷ್ಟನ್ನು ಮಾಡುವುದಕ್ಕೆ ಹೊಸ ಕಾನೂನೇನೂ ಬೇಕಾಗಿಲ್ಲ. ಜಿಲ್ಲಾಧಿಕಾರಿಗಳ ಕಚೇರಿಯಿಂದ ಒಂದು ಆಜ್ಞೆ ಹೊರಟರೆ ಕೆಲಸ ಆರಂಭವಾದೀತು.